ತಾಮ್ರಕ್ಕೂ ಹುಳಿಗೂ ಆಗದು



ಗಾಂಧಿಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೋ ಪಾತ್ರೆ ಅಂಗಡಿಯ ಮುಂದೆ ಈಗ ನಿಂತರೆ ತಾಮ್ರದ ನೀರಿನ ಬಾಟಲಿಗಳು ಸಾಲಾಗಿ ಹೊಳೆಯುತ್ತಿರುತ್ತವೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ಇವೇ ಬಡಾವಣೆಗಳ ಮನೆಗಳಿಂದ ತಾಮ್ರ ಹೊರಗೆ ಹೋಗುತ್ತಿತ್ತು. ಗೀಸರ್ ಬಂತು, ಬಚ್ಚಲ ಒಲೆ ಒಡೆದರು, ಹಂಡೆ ತೂಕಕ್ಕೆ ಹೋಯಿತು. ಸ್ಟೀಲ್ ಬಂತು, ಕೊಡ ಬಿಂದಿಗೆಗಳು ಹಂಡೆಯ ಹಿಂದೆಯೇ ಹೊರಟವು. ದೇವರ ಮನೆಯ ಪಂಚಪಾತ್ರೆ, ಉದ್ಧರಣೆ ಮಾತ್ರ ಉಳಿದುಕೊಂಡವು. ಹಾಗೆ ಹೋದ ತಾಮ್ರ ಈಗ ಬಾಟಲಿಯಾಗಿ ವಾಪಸು ಬಂದಿದೆ, ಸಂತೋಷ. ಆದರೆ ಹಂಡೆಯ ಜೊತೆಗೆ ಮನೆಯಿಂದ ಹೋದ ತಿಳಿವಳಿಕೆ ಬಾಟಲಿಯ ಜೊತೆಗೆ ವಾಪಸು ಬಂದಿಲ್ಲ. ಅದೇ ಬಾಟಲಿಯಲ್ಲಿ ನಿಂಬೆ ಶರಬತ್ತು ತುಂಬಿ ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ಕಳವಳವಾಗುತ್ತದೆ. ಯಾಕೆ ಎಂಬುದನ್ನು ಹೇಳಬೇಕಾದರೆ ತಾಮ್ರದ ಸ್ವಭಾವದಿಂದಲೇ ಶುರು ಮಾಡಬೇಕು.

ತಾಮ್ರದ ಪರಮಾಣು ಸಂಖ್ಯೆ 29. ಅಂದರೆ ಒಂದೊಂದು ಪರಮಾಣುವಿನಲ್ಲೂ 29 ಎಲೆಕ್ಟ್ರಾನುಗಳಿವೆ. ಅವುಗಳಲ್ಲಿ 28 ಒಳಗಿನ ಕೋಣೆಗಳಲ್ಲಿ ಕದ ಹಾಕಿಕೊಂಡು ಕೂತಿವೆ, ಒಂದು ಮಾತ್ರ ಹೊರಗೆ ಜಗಲಿಯ ಮೇಲಿದೆ. ಈ ಜಗಲಿಯ ಎಲೆಕ್ಟ್ರಾನಿಗೆ ಮನೆಯ ಹಂಗು ಕಡಿಮೆ. ತಾಮ್ರದ ತುಂಡೊಂದರಲ್ಲಿ ಕೋಟಿ ಕೋಟಿ ಪರಮಾಣುಗಳ ಈ ಹೊರಗಿನ ಎಲೆಕ್ಟ್ರಾನುಗಳೆಲ್ಲ ಒಂದಾಗಿ ಓಡಾಡುತ್ತಿರುತ್ತವೆ. ವಿದ್ಯುತ್ತನ್ನು ಹೊರುವವು ಅವೇ, ಶಾಖವನ್ನು ಹೊರುವವೂ ಅವೇ. ವಿದ್ಯುತ್ತು ಹರಿಸುವುದರಲ್ಲಿ ತಾಮ್ರಕ್ಕಿಂತ ಮೇಲಿರುವ ಲೋಹ ಬೆಳ್ಳಿಯೊಂದೇ. 1913ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಜ್ಞರು ಸೇರಿ ತಾಮ್ರದ ವಾಹಕತೆಯನ್ನೇ ನೂರು ಎಂದು ಇಟ್ಟುಕೊಂಡು ಬೇರೆ ಲೋಹಗಳನ್ನು ಅದಕ್ಕೆ ಹೋಲಿಸಿ ಅಳೆಯಲು ತೊಡಗಿದರು. ಆ ಲೆಕ್ಕದಲ್ಲಿ ಅಲ್ಯೂಮಿನಿಯಮ್ ಸುಮಾರು 61.

ನಮ್ಮ ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ, ಶಿವನಸಮುದ್ರದಿಂದ. ಅದಕ್ಕೂ ಮೂರು ವರ್ಷ ಮೊದಲೇ ಅದೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಅಂದಿನಿಂದ ಈ ಊರು ತಾಮ್ರವನ್ನು ಗೋಡೆಯೊಳಗೆ, ಫ್ಯಾನಿನೊಳಗೆ, ಪಂಪಿನೊಳಗೆ ಇಟ್ಟುಕೊಂಡೇ ಬೆಳೆದಿದೆ. ಮೋಟಾರು ಸುಟ್ಟಿತೆಂದು ಎಸ್. ಪಿ. ರಸ್ತೆಯ ಕಡೆ ತೆಗೆದುಕೊಂಡು ಹೋದವರಿಗೆ ವೈಂಡಿಂಗ್ ಮಾಡುವವರ ಕೆಲಸ ಗೊತ್ತಿರುತ್ತದೆ. ಸುಟ್ಟ ಸುರುಳಿಯನ್ನು ಕತ್ತರಿಸಿ ತೆಗೆದು ತಕ್ಕಡಿಗೆ ಹಾಕುತ್ತಾರೆ, ಹಳೆಯ ತಾಮ್ರದ ಬೆಲೆಯನ್ನು ಕೂಲಿಯಲ್ಲಿ ವಜಾ ಮಾಡುತ್ತಾರೆ. ಸುಟ್ಟದ್ದು ತಂತಿಯ ಮೇಲಿನ ಎನಾಮಲ್ ಲೇಪ, ತಾಮ್ರಕ್ಕೆ ಏನೂ ಆಗಿರುವುದಿಲ್ಲ. ಅದು ಕರಗುವುದು 1,085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕರಗಿಸಿ ಶುದ್ಧ ಮಾಡಿ ಮತ್ತೆ ತಂತಿ ಎಳೆದರೆ ಹೊಸದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಈಗ ನನ್ನ ಮಾತು ನಿಮ್ಮ ಕಿವಿಗೆ ಬೀಳುತ್ತಿರುವುದೂ ರೇಡಿಯೊದ ಸ್ಪೀಕರಿನೊಳಗೆ ಕೂದಲೆಳೆಯಂಥ ತಂತಿಯ ಒಂದು ಪುಟ್ಟ ಸುರುಳಿ ಅಯಸ್ಕಾಂತದ ನಡುವೆ ಅದುರುತ್ತಿರುವುದರಿಂದ.

ಶಾಖದ ಮಾತಿಗೆ ಬಂದರೆ, ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಚೆನ್ನಾಗಿ ತಾಮ್ರ ಕಾವನ್ನು ಹರಿಸುತ್ತದೆ. ಒಲೆಯ ಉರಿ ಹಂಡೆಯ ತಳಕ್ಕೆ ಎಲ್ಲಿ ತಾಗಿದರೂ ಕಾವು ಅಲ್ಲೇ ನಿಲ್ಲದೆ ಮೈಯೆಲ್ಲ ಏರುತ್ತದೆ. ತೆಂಗಿನ ಗರಿ, ಚಿಪ್ಪು, ಸೌದೆ ಚಕ್ಕೆ, ಸಿಕ್ಕಿದ್ದನ್ನು ತುರುಕಿ ನೀರು ಕಾಯಿಸುತ್ತಿದ್ದ ಬಚ್ಚಲು ಮನೆಗಳಿಗೆ ಇದಕ್ಕಿಂತ ಒಳ್ಳೆಯ ಲೋಹ ಬೇರೆ ಇರಲಿಲ್ಲ. ಸ್ಟೀಲಿನ ಪಾತ್ರೆಯಲ್ಲಿ ಒಗ್ಗರಣೆ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿ ಉಳಿಯುವುದನ್ನು ಕಂಡೇ ಕಂಪನಿಗಳು ಅದರ ತಳಕ್ಕೆ ತಾಮ್ರ ಕೂರಿಸಿ ಕಾಪರ್ ಬಾಟಮ್ ಎಂದು ಮಾರುತ್ತಿವೆ.

ಇನ್ನು ಬಡಿದರೆ ಒಡೆಯದೆ ಹರಡುವ ಗುಣ. ನಮ್ಮ ಗಂಗರು, ಕದಂಬರು, ಚಾಲುಕ್ಯರು ದಾನಪತ್ರಗಳನ್ನು ತಾಮ್ರದ ಹಲಗೆಯ ಮೇಲೆ ಬರೆಸಿದ್ದಕ್ಕೆ ಇದೇ ಕಾರಣ. ಉಳಿ ಒತ್ತಿದರೆ ಅಕ್ಷರ ಬೀಳುವಷ್ಟು ಮೆದು, ನೆಲದಲ್ಲಿ ಹೂತಿಟ್ಟರೂ ಕಬ್ಬಿಣದಂತೆ ತುಕ್ಕು ಹಿಡಿದು ಉದುರದಷ್ಟು ಗಟ್ಟಿ. ಹಲಗೆಗಳು ಒಂದಕ್ಕೊಂದು ಉಜ್ಜಿ ಅಕ್ಷರ ಅಳಿಸಬಾರದೆಂದು ಅಂಚನ್ನು ಸ್ವಲ್ಪ ಎತ್ತರಿಸಿ, ತೂತು ಕೊರೆದು, ಬಳೆ ಹಾಕಿ ಮುದ್ರೆ ಒತ್ತುತ್ತಿದ್ದರು. ಶಾಸನತಜ್ಞ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಇಂಥ ಎಷ್ಟೋ ಶಾಸನಗಳನ್ನು ಓದಿಕೊಟ್ಟಿದ್ದಾರೆ.

ಜಗಲಿಯಲ್ಲಿರುವ ಎಲೆಕ್ಟ್ರಾನಿಗೆ ಹಂಗು ಕಡಿಮೆ ಎಂದೆನಲ್ಲ, ಅದು ಮನೆ ಬಿಟ್ಟು ಹೋಗುವುದೂ ಸುಲಭ. ಅದರ ಬೆನ್ನಿಗೇ ಒಳಕೋಣೆಯಿಂದ ಇನ್ನೊಂದು ಹೊರಡುತ್ತದೆ. ಎರಡನ್ನೂ ಕಳೆದುಕೊಂಡ ತಾಮ್ರ ಲೋಹವಾಗಿ ಉಳಿಯುವುದಿಲ್ಲ, ಅಯಾನಾಗಿ ನೀರಿನಲ್ಲಿ ಕರಗುತ್ತದೆ, ಬಣ್ಣ ನೀಲಿಗೆ ತಿರುಗುತ್ತದೆ. ರಸಾಯನ ವಿಜ್ಞಾನದಲ್ಲಿ ತಾಮ್ರವನ್ನು ಸಂಕ್ರಮಣ ಧಾತುಗಳ ಪಂಕ್ತಿಯಲ್ಲಿ ಕೂರಿಸುವುದು ಇದಕ್ಕೇ: ಒಳಕೋಣೆಯ ಎಲೆಕ್ಟ್ರಾನೂ ವ್ಯವಹಾರಕ್ಕೆ ಇಳಿಯುತ್ತದೆ, ಇಳಿದಾಗ ಬಣ್ಣ ಬರುತ್ತದೆ. ಬಸವನಗುಡಿಯ ನ್ಯಾಷನಲ್ ಕಾಲೇಜಿರಲಿ, ಇನ್ಯಾವುದೇ ಕಾಲೇಜಿರಲಿ, ಪಿಯುಸಿಯಲ್ಲಿ ವಿಜ್ಞಾನ ಓದಿದವರು ಸಾಲ್ಟ್ ಅನಾಲಿಸಿಸ್ ಮರೆತಿರಲಾರರು. ಪ್ರನಾಳದಲ್ಲಿ ತಾಮ್ರದ ಲವಣವಾದ ಮೈಲುತುತ್ತದ ತಿಳಿನೀಲಿ ದ್ರಾವಣ. ಅದಕ್ಕೆ ಅಮೋನಿಯ ತೊಟ್ಟು ತೊಟ್ಟಾಗಿ ಬೀಳುತ್ತದೆ. ಮೊದಲು ಮೊಸರಿನಂತೆ ಮಸಕು, ಇನ್ನೆರಡು ತೊಟ್ಟು ಬಿದ್ದ ಮೇಲೆ ಆ ಮಸಕು ಕರಗಿ ಕಡುನೀಲಿ. ಅಷ್ಟು ಆಳವಾದ ನೀಲಿ ನೋಡಿದ ಹುಡುಗ ಹುಡುಗಿಯರು ಪುಸ್ತಕಕ್ಕೆ 'ಕಾಪರ್ ಖಚಿತ' ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ.

ಅಡುಗೆಮನೆಯಲ್ಲಿ ಈ ಬಣ್ಣಕ್ಕೆ ಕಿಲುಬು ಎಂದು ಹೆಸರು. ತಾಮ್ರಕ್ಕೆ ಹುಳಿಯೊಂದೇ ತಾಗಿದರೆ ಬೇಗ ಏನೂ ಆಗದು. ಹುಳಿಯ ಜೊತೆಗೆ ಗಾಳಿಯೂ ಸೇರಬೇಕು. ಗಾಳಿಯ ಆಮ್ಲಜನಕ ತಾಮ್ರದ ಮೈಮೇಲೆ ಪೊರೆ ಕಟ್ಟುತ್ತದೆ, ಹುಳಿ ಆ ಪೊರೆಯನ್ನು ಕರಗಿಸುತ್ತದೆ, ಹೊಸ ಮೈ ಕಾಣುತ್ತದೆ, ಗಾಳಿ ಮತ್ತೆ ಪೊರೆ ಕಟ್ಟುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜಿದ ತಂಬಿಗೆ ಥಳಥಳ ಹೊಳೆಯುವುದು ಹುಳಿ ಹೀಗೆ ಪೊರೆಯನ್ನು ಕರಗಿಸುವುದರಿಂದ. ನೀರು ತುಂಬುವ ಹಬ್ಬದ ದಿನ ಮನೆಯವರೆಲ್ಲ ಸೇರಿ ಹಂಡೆಗೆ ಹುಣಸೆಹಣ್ಣು ತಿಕ್ಕಿ, ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂ ಏರಿಸುವಾಗ ನಡೆಯುವುದೂ ಇದೇ. ಅಲ್ಲಿ ಕರಗಿದ ತಾಮ್ರ ಬಚ್ಚಲಿಗೆ ಹರಿದು ಹೋಗುತ್ತದೆ. ಸಾರನ್ನು ಅದೇ ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಕರಗಿದ್ದು ಬೆಳಿಗ್ಗೆ ಹೊಟ್ಟೆಗೆ ಹೋಗುತ್ತದೆ. ಓಕರಿಕೆ, ಹೊಟ್ಟೆ ತೊಳಸು, ವಾಂತಿ. ನಿಂಬೆ ಶರಬತ್ತಿನ ಬಾಟಲಿಯ ಬಗ್ಗೆ ನನ್ನ ಕಳವಳ ಇದು.

ಹಳೆಯ ಮನೆಗಳು ಇದಕ್ಕೆ ಕಂಡುಕೊಂಡ ಉಪಾಯ ಕಲಾಯಿ. ಚಾಮರಾಜಪೇಟೆಯ ರಸ್ತೆಗಳಲ್ಲಿ 'ಕಲಾಯಿ, ಪಾತ್ರೆಗೆ ಕಲಾಯಿ' ಎಂದು ಕೂಗಿಕೊಂಡು ಬರುತ್ತಿದ್ದವರನ್ನು ನೆನಪಿಟ್ಟುಕೊಂಡವರು ಈಗಲೂ ಇದ್ದಾರೆ. ಮರದ ಕೆಳಗೆ ನೆಲದಲ್ಲಿ ಕುಳಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ ಕೆಂಡ ಮಾಡುತ್ತಿದ್ದರು. ಮರಳು ಹಾಕಿ ತಿಕ್ಕಿದ ಪಾತ್ರೆಯನ್ನು ಕೆಂಡದ ಮೇಲೆ ತಿರುಗಿಸಿ ಕಾಯಿಸಿ, ಒಳಗೆ ಒಂದು ಚಿಟಿಕೆ ನವಸಾಗರ ಎಸೆದರೆ ಮೂಗಿಗೆ ಘಾಟು ಹತ್ತುವ ಬಿಳಿ ಹೊಗೆ ಏಳುತ್ತಿತ್ತು. ಅಮೋನಿಯಮ್ ಕ್ಲೋರೈಡ್ ತಾಮ್ರದ ಮೇಲಿನ ಪೊರೆಯನ್ನು ತಿಂದು ಮೈ ಶುದ್ಧ ಮಾಡುವ ಹೊತ್ತು ಅದು. ಆ ಕ್ಷಣಕ್ಕೇ ತವರದ ಕಡ್ಡಿ ಮುಟ್ಟಿಸಬೇಕು. ತವರ 232 ಡಿಗ್ರಿಗೇ ಕರಗುತ್ತದೆ. ಅರಳೆಯ ಮುದ್ದೆಯಿಂದ ಕೈ ಒಂದು ಸುತ್ತು ಹೊಡೆದರೆ ಕೆಂಪು ಪಾತ್ರೆಯ ಒಳಗೆಲ್ಲ ಬೆಳ್ಳಿಯಂಥ ಹೊಳಪು ಓಡುತ್ತದೆ. ಸ್ವಲ್ಪ ತಡವಾದರೆ ಪೊರೆ ಮತ್ತೆ ಕಟ್ಟಿ ತವರ ಹಿಡಿಯುವುದಿಲ್ಲ. ಓದು ಬರಹವಿಲ್ಲದ ಎಷ್ಟೋ ಕೈಗಳು ಈ ಕೆಲಸವನ್ನು ಕರಾರುವಾಕ್ಕಾಗಿ ಮಾಡಿವೆ. ಆ ಕೈಗಳಿಗೆ ನಮ್ಮ ಊರು ಕೊಟ್ಟ ಗೌರವ ಸಾಲದು ಎಂದೇ ನನ್ನ ಅಭಿಪ್ರಾಯ. ತವರಕ್ಕೆ ಸಾಂಬಾರಿನ ಹುಳಿ ಅಷ್ಟಾಗಿ ತಾಗುವುದಿಲ್ಲ, ತಾಗಿದರೂ ತವರದಿಂದ ತಾಮ್ರದಷ್ಟು ತೊಂದರೆಯಿಲ್ಲ. ತವರದಲ್ಲಿ ಸೀಸ ಬೆರೆತಿದ್ದರೆ ಮಾತ್ರ ಅಪಾಯ. ಕಲಾಯಿ ಹಾಕಿಸುವವರು ಶುದ್ಧ ತವರವನ್ನೇ ಕೇಳಿ ಹಾಕಿಸಿಕೊಳ್ಳಬೇಕು.

ಈ ಎಚ್ಚರ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದುಃಖದ ಅಧ್ಯಾಯವಿದೆ. ಮೂರು ವರ್ಷ ತುಂಬದ ಮಕ್ಕಳಿಗೆ ಹೊಟ್ಟೆ ಊದಿ, ಯಕೃತ್ತು ಗಟ್ಟಿಯಾಗಿ, ಕಾಮಾಲೆ ಬಂದು, ಬಹುಪಾಲು ಮಕ್ಕಳು ಉಳಿಯುತ್ತಿರಲಿಲ್ಲ. ಮನೆಗಳಲ್ಲಿ ಅದನ್ನು ಮಗುವಿನ ಲಿವರ್ ಕಾಯಿಲೆ ಎನ್ನುತ್ತಿದ್ದರು, ಹಳೆಯ ಪತ್ರಿಕೆಗಳಲ್ಲಿ ಅದರ ಔಷಧಿಯ ಜಾಹೀರಾತು ಮಾಮೂಲು. ತೀರಿಕೊಂಡ ಮಕ್ಕಳ ಯಕೃತ್ತಿನಲ್ಲಿ ತಾಮ್ರ ವಿಪರೀತವಾಗಿ ಸೇರಿರುವುದು ಪರೀಕ್ಷೆಯಲ್ಲಿ ಕಂಡಿತು. ಪುಣೆಯ ಮಕ್ಕಳ ವೈದ್ಯರೂ ಇಂಗ್ಲೆಂಡಿನ ವೈದ್ಯ ಟ್ಯಾನರ್ ಅವರೂ ಸೇರಿ ಮನೆಮನೆಯ ಅಡುಗೆಮನೆ ವಿಚಾರಿಸಿ, 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಕಾಯಿಲೆ ಬಿದ್ದ ಮಕ್ಕಳಿಗೆ ಎಳವೆಯಲ್ಲೇ ಕಲಾಯಿಯಿಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲು ಕುಡಿಸಲಾಗಿತ್ತು. ಹಾಲಿನ ಪ್ರೋಟೀನು ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಎಳೆಯ ಯಕೃತ್ತಿಗೆ ಅದನ್ನು ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ವಂಶದ ಅಂಶವೂ ಸೇರಿರಬಹುದು ಎಂಬ ಚರ್ಚೆ ಮುಂದುವರಿದಿದೆ, ನಿಜ. ಆದರೆ ಹಾಲು ಸ್ಟೀಲಿನ ಪಾತ್ರೆಗೆ ಬಂದ ಮೇಲೆ ಈ ಕಾಯಿಲೆ ಅಪರೂಪವಾಗಿಬಿಟ್ಟಿತು. ಹಳೆಯದೆಲ್ಲ ಒಳ್ಳೆಯದು ಎನ್ನುವವರಿಗೆ ನಾನು ಈ ಸಂಗತಿಯನ್ನು ತಪ್ಪದೆ ಹೇಳುತ್ತೇನೆ. ಮನೆಗೆ ಸ್ಟೀಲ್ ಬಂದದ್ದರಿಂದ ಮಕ್ಕಳ ಜೀವ ಉಳಿದಿದೆ.

ದೊಡ್ಡವರ ಮೈಗೆ ತಾಮ್ರ ಬೇಕು, ದಿನಕ್ಕೆ ಒಂದೆರಡು ಮಿಲಿಗ್ರಾಂ. ಉಸಿರಾಟದಿಂದ ಬಂದ ಆಮ್ಲಜನಕವನ್ನು ಜೀವಕೋಶ ಬಳಸಿಕೊಳ್ಳುವ ಕೊನೆಯ ಮೆಟ್ಟಿಲಿನ ಕಿಣ್ವದಲ್ಲಿ ತಾಮ್ರ ಕೂತಿದೆ. ಹೆಚ್ಚಾದದ್ದನ್ನು ಯಕೃತ್ತು ಪಿತ್ತದ ಮೂಲಕ ಹೊರಗೆ ಕಳಿಸುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ದಾರಿ ಕಟ್ಟಿರುತ್ತದೆ. 1912ರಲ್ಲಿ ಲಂಡನ್ನಿನ ವೈದ್ಯ ವಿಲ್ಸನ್ ವಿವರಿಸಿದ ಈ ಕಾಯಿಲೆಗೆ ಅವರದೇ ಹೆಸರು. ಕೈ ನಡುಕ, ಮಾತಿನ ತೊದಲು, ಕಣ್ಣಿನ ಕಪ್ಪು ಭಾಗದ ಸುತ್ತ ಕಂದು ಬಳೆ. ಇದರ ಬಗ್ಗೆ ಜಗತ್ತು ಗಮನಿಸಿ ಓದಿದ ಕೆಲಸ ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನಡೆದಿದೆ. ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು ಅಲ್ಲಿನ ವೈದ್ಯರು 2007ರಲ್ಲಿ ಪ್ರಕಟಿಸಿದರು. ಪೆನಿಸಿಲಮೀನ್ ಎಂಬ ಮದ್ದು ತಾಮ್ರವನ್ನು ಹಿಡಿದು ಮೂತ್ರಕ್ಕೆ ಸಾಗಿಸುತ್ತದೆ, ಸತುವಿನ ಲವಣ ಕರುಳಿನಲ್ಲೇ ತಾಮ್ರಕ್ಕೆ ಅಡ್ಡ ನಿಲ್ಲುತ್ತದೆ. ಬೇಗ ಗುರುತಿಸಿದರೆ ಗುಣ ಕಾಣುವ ಕಾಯಿಲೆ ಇದು. ಇಂಥವರಿರುವ ಮನೆಯಲ್ಲಿ ಅವರಿಗೆ ತಾಮ್ರದ ನೀರು ಕೊಡಕೂಡದು.

ಇಷ್ಟು ಕೇಳಿದ ಮೇಲೆ ಬಾಟಲಿ ಎಸೆದುಬಿಡೋಣ ಎನ್ನಿಸಬಹುದು. ಬೇಡ. ತಾಮ್ರ ನೀರಿಗೆ ಬಿಡುವ ಅಯಾನುಗಳು ಹುಳಿಗೆ ಬಿಡುವುದರ ಪಕ್ಕದಲ್ಲಿ ತೀರಾ ಕಡಿಮೆ, ಆದರೆ ಅಷ್ಟೇ ಸಾಕು ರೋಗಾಣುವಿಗೆ. ಅದರ ಪೊರೆ ಕೆಡುತ್ತದೆ, ಒಳಗೆ ಕಬ್ಬಿಣ ಕೂರಬೇಕಾದ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ, ರೋಗಾಣು ಸಾಯುತ್ತದೆ. ಇದನ್ನು ಅಳೆದು ತೋರಿಸಿದವರೂ ಬೆಂಗಳೂರಿನವರೇ. ಇಲ್ಲಿನ ಆಯುರ್ವೇದ ಮತ್ತು ಸಮಗ್ರ ವೈದ್ಯ ಸಂಸ್ಥೆಯ ವಿಜ್ಞಾನಿಗಳು ಅಂತರ್ಜಲಕ್ಕೆ ಕಾಲರಾ, ಟೈಫಾಯಿಡ್, ಆಮಶಂಕೆ, ಭೇದಿ ತರುವ ಬ್ಯಾಕ್ಟೀರಿಯಗಳನ್ನು ಬೇಕೆಂದೇ ಬೆರೆಸಿದರು, ಪ್ರತಿ ಮಿಲಿಲೀಟರಿಗೆ ಸುಮಾರು 500ರಂತೆ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಸುಮ್ಮನೆ ಇಟ್ಟರು. ಆಮೇಲೆ ಆ ನೀರಿನಿಂದ ಒಂದೂ ಬ್ಯಾಕ್ಟೀರಿಯ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರ ಲೀಟರಿಗೆ 0.177 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಮಿತಿ 2 ಮಿಲಿಗ್ರಾಂ. 2012ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಗಮನಿಸಬೇಕಾದ್ದು ಗಂಟೆಯ ಲೆಕ್ಕ. ಬೆಳಿಗ್ಗೆ ತುಂಬಿ ಅರ್ಧ ಗಂಟೆಯಲ್ಲಿ ಕುಡಿದ ನೀರಿಗೆ ಈ ಮಾತು ಅನ್ವಯಿಸುವುದಿಲ್ಲ. ರಾತ್ರಿ ಕೊಡ ತುಂಬಿಟ್ಟು ಮಾರನೆಯ ದಿನ ಬಳಸುತ್ತಿದ್ದ ನಮ್ಮ ಅಜ್ಜಿಯಂದಿರ ಪದ್ಧತಿಗೆ ಹತ್ತಿರವಾಗಿ ಅನ್ವಯಿಸುತ್ತದೆ. ಫ್ಲೋರೈಡನ್ನೋ ನೈಟ್ರೇಟನ್ನೋ ತಾಮ್ರ ತೆಗೆಯುವುದಿಲ್ಲ ಎಂಬುದೂ ಗೊತ್ತಿರಲಿ. ಬೋರ್‌ವೆಲ್ ನೀರು ಕುಡಿಯುವವರು ಅದನ್ನು ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕು.

ರೋಗಾಣುವಿಗೆ ಆದದ್ದೇ ಶಿಲೀಂಧ್ರಕ್ಕೂ ಆಗುತ್ತದೆ. ಬಸವನಗುಡಿ ಮಲ್ಲೇಶ್ವರದ ಎಷ್ಟೋ ಮನೆಗಳ ಬೇರು ತೀರ್ಥಹಳ್ಳಿ, ಸಾಗರ, ಶೃಂಗೇರಿ ಕಡೆಯ ಅಡಿಕೆ ತೋಟದಲ್ಲಿದೆ. ಅಲ್ಲಿಯವರಿಗೆ ಕೊಳೆರೋಗ ಎಂದರೆ ವರ್ಷದ ಅನ್ನ ಉದುರಿಹೋದಂತೆ. ಮಳೆ ಹಿಡಿದರೆ ಎಳೆಯ ಕಾಯಿ ನೀರು ನೀರಾಗಿ ಕೊಳೆತು ಬೀಳುತ್ತದೆ. ಒಂದೊಂದು ಮರ ಹತ್ತಿ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದು ಹಿಂದಿನವರ ಉಪಾಯವಾಗಿತ್ತು. 1908ರಲ್ಲಿ ಕೆನಡಾದಿಂದ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್‌ಮನ್ ಈ ರೋಗವನ್ನು ಹಿಡಿದು ಕೂತರು. 1910ರಲ್ಲಿ ಕೊಳೆರೋಗದ ಮೇಲೆ ಅವರ ಪ್ರಬಂಧ ಬಂತು, ಗೊನೆಗೆ ಬೋರ್ಡೋ ದ್ರಾವಣ ಹೊಡೆಯಬೇಕೆಂದು ಅವರು ಹೇಳಿದರು. ಮುಂದೆ ಅವರೇ ಕೃಷಿ ಇಲಾಖೆಯ ನಿರ್ದೇಶಕರಾದರು, ಹೆಬ್ಬಾಳದಲ್ಲಿ ಕೃಷಿ ಶಿಕ್ಷಣ ನೆಲೆಯೂರಿದ್ದರಲ್ಲಿ ಅವರ ಪಾಲು ದೊಡ್ಡದು.

ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದದ್ದು. ದಾರಿಹೋಕರು ಹಣ್ಣು ಕೀಳಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಬಾರದಿದ್ದುದನ್ನು ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ 1880ರ ದಶಕದಲ್ಲಿ ಗಮನಿಸಿದರು. ಇವತ್ತಿಗೂ ಮಲೆನಾಡಿನಲ್ಲಿ ಅದೇ ಪಾಕ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಹದ ನೋಡುವ ಬಗೆ ನನಗೆ ಬಲು ಇಷ್ಟ. ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತಿದ್ದರೆ ಕರಗಿದ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಹೊಡೆದರೆ ಗೊನೆಯೇ ಸುಟ್ಟೀತು, ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. ಅಲಗು ಬೆಳ್ಳಗೇ ಇದ್ದರೆ ಹದ ಬಂತು. ಹದ ಬಂದ ದ್ರಾವಣದಲ್ಲಿ ತಾಮ್ರ ಕಾಯಿಯ ಮೇಲೆ ನೀಲಿ ಪೊರೆಯಾಗಿ ಅಂಟಿಕೊಂಡು ಮಳೆಯಲ್ಲಿ ಅಯಾನುಗಳನ್ನು ಅಷ್ಟಿಷ್ಟೇ ಬಿಡುತ್ತದೆ. ಶಿಲೀಂಧ್ರ ಸಾಯುವಷ್ಟು, ಕಾಯಿ ಸಾಯದಷ್ಟು. ವರ್ಷಗಟ್ಟಲೆ ಹೊಡೆದ ತೋಟದ ಮಣ್ಣಿನಲ್ಲಿ ತಾಮ್ರ ಶೇಖರವಾಗುವ ಪ್ರಶ್ನೆಯೂ ಇದೆ. ಆದ್ದರಿಂದ ಬೇಕಾದಷ್ಟು ಸಲ ಮಾತ್ರ ಹೊಡೆಯಬೇಕು: ಮುಂಗಾರು ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ.

ಮನೆಯಲ್ಲಿ ತಾಮ್ರ ಇಟ್ಟುಕೊಂಡಿರುವವರು ಪತ್ರ ಬರೆದು ಕೇಳುವ ಮಾತುಗಳಿಗೆ ಉತ್ತರ ಹೇಳಿ ನಿಲ್ಲಿಸುತ್ತೇನೆ. ಬಾಟಲಿಯಲ್ಲಿ ತಣ್ಣನೆಯ ಬರೀ ನೀರು ಮಾತ್ರ. ನಿಂಬೆ, ಮಜ್ಜಿಗೆ, ಹಣ್ಣಿನ ರಸ, ಹಾಲು ಯಾವುದೂ ಬೇಡ. ಒಳಗೆ ಹಸಿರು ಕಂಡರೆ ಹುಣಸೆಹಣ್ಣೋ ನಿಂಬೆ ಹೋಳೋ ಉಪ್ಪಿನ ಜೊತೆ ಹಾಕಿ ತಿಕ್ಕಿ, ಎರಡು ಮೂರು ಸಲ ನೀರಿನಲ್ಲಿ ಗಲಬರಿಸಿ ಚೆಲ್ಲಿ. ಉಜ್ಜಿದ ಮೊದಲ ನೀರು ಕುಡಿಯುವುದಕ್ಕಲ್ಲ. ಬಾಯಿ ಚಿಕ್ಕದಾಗಿ ಕೈ ಹೋಗದ ಬಾಟಲಿಗಿಂತ ಬಾಯಗಲದ ತಂಬಿಗೆ ಒಳ್ಳೆಯದು, ಒಳಗೆ ಏನಾಗಿದೆ ಎಂದು ಕಣ್ಣಿಗೆ ಕಾಣುತ್ತದೆ. ಕೊಳ್ಳುವಾಗ ಒಳಗೆ ಮೆರುಗಿನ ಲೇಪವಿದೆಯೇ ಎಂದು ವಿಚಾರಿಸಿ. ಲೇಪವಿದ್ದರೆ ನೀರಿಗೆ ತಾಮ್ರ ತಾಗುವುದೇ ಇಲ್ಲ, ಕೊಟ್ಟ ದುಡ್ಡು ಬಣ್ಣಕ್ಕೆ ಮಾತ್ರ. ಅಟ್ಟದ ಮೇಲೆ ಹಳೆಯ ಹಂಡೆ, ಕೊಳದಪ್ಪಲೆ ಇದ್ದರೆ ತೂಕಕ್ಕೆ ಹಾಕುವ ಮೊದಲು ಕಲಾಯಿ ಹಾಕುವವರು ಹತ್ತಿರದಲ್ಲಿ ಎಲ್ಲಿದ್ದಾರೆ ಎಂದು ಪಾತ್ರೆ ಅಂಗಡಿಯವರನ್ನು ಕೇಳಿ. ಪೇಟೆಯ ಕಡೆ ಈ ಕೆಲಸ ಬಲ್ಲವರು ಇನ್ನೂ ಇದ್ದಾರೆ.